ಹೆಬ್ಬೆರಳಿನ ಜಾಗ

ತಂಗಿ ಮೂರನೇ ಡ್ರಾಯರನ್ನೂ ಹಾಸಿಗೆಯ ಮೇಲೆ ಮಗುಚಿದಳು. ಕ್ರೋಶಾ ಕಡ್ಡಿಗಳು ಖಣಖಣ ಉರುಳಿದವು. ಉಕ್ಕಿನವು, ಬಿದಿರಿನವು, ಮೆತ್ತನೆ ರಬ್ಬರ್ ಹಿಡಿಯವು. ಬೇಕಾದದ್ದೊಂದು ಮಾತ್ರ ಇರಲಿಲ್ಲ. ಪಕ್ಕದ ಹಾಲ್‌ನಲ್ಲಿ ತೀರಿಕೊಂಡ ಅಕ್ಕನನ್ನು ಮಲಗಿಸಿದ್ದರು. ಹನ್ನೊಂದಕ್ಕೆ ಸ್ಮಶಾನದ ವ್ಯಾನು ಬರುವುದಿತ್ತು.

"ಇವತ್ತೇ ಹುಡುಕ್ಬೇಕಾ ಅದನ್ನೆಲ್ಲ?" ಬಾಗಿಲಲ್ಲಿ ನಿಂತ ಭಾವ ಕೇಳಿದ.

"ಅಕ್ಕ ದಿನಾ ಹಿಡೀತಿದ್ದ ಮರದ ಹಿಡಿ ಕಡ್ಡಿ ಎಲ್ಲಿ ಭಾವ?"

"ಅದನ್ನ ಹೋದ ತಿಂಗಳೇ ಡ್ರೈವರ್‌ಗೆ ಕೊಟ್ಬಿಟ್ಳಲ್ಲ, ಅವನೂ ತನ್ನ ಥರವೇ ಹಿಡೀತಾನೆ ಅಂತ."

ತಂಗಿ ಖಾಲಿ ಡ್ರಾಯರನ್ನು ನೆಲಕ್ಕೆ ಕುಕ್ಕಿದಳು. ಬಸ್ ಡ್ರೈವರ್! ಡಿಪೋದಲ್ಲಿ ಹೊತ್ತು ಹೋಗುವುದಿಲ್ಲವೆಂದು ಎರಡು ವರ್ಷದ ಹಿಂದೆ ಅಕ್ಕನ ಹತ್ತಿರ ಕ್ರೋಶಾ ಕಲಿಯಲು ಬಂದವನು. ಇವಳು ಒಡಹುಟ್ಟಿದವಳು, ನಲವತ್ತು ವರ್ಷದಿಂದ ಹೆಣೆಯುತ್ತಿರುವವಳು. ಇವಳಿಗಲ್ಲ, ಅವನಿಗೆ!

ಹಾಲ್‌ನಲ್ಲಿ ಸೇರಿದವರೆಲ್ಲ ಹೇಳುತ್ತಿದ್ದದ್ದು ಅಕ್ಕ ತಮ್ಮ ಕೈ ನೋಡಿ ಕಡ್ಡಿ ಆರಿಸಿಕೊಟ್ಟ ಕತೆಯನ್ನೇ. ಅಕ್ಕ ನೂಲಂಗಡಿಯಲ್ಲಿ ಕಡ್ಡಿ ಮಾರುತ್ತಿದ್ದವಳು. "ನನ್ನನ್ನ ಇಪ್ಪತ್ತು ನಿಮಿಷ ಕೂರಿಸಿ ಹೆಣೆಸಿದ್ರು," ಎಂದಳು ಅಂಗಡಿಗೆ ಬರುತ್ತಿದ್ದ ಒಬ್ಬ ನರ್ಸು. "ನಾನು ದುಬಾರೀದೇ ಬೇಕು ಅಂತ ಎತ್ಕೊಂಡ್ರೆ, ಇದು ನಿಮಗಲ್ಲ ಅಂತ ಕೈಯಿಂದ ಕಿತ್ಕೊಂಡ್ರು ನೋಡಿ! ಅಂಗಡಿಯವರು ತಲೆ ಚಚ್ಕೊಂಡ್ರು." ಅಳುತ್ತಿದ್ದವರೂ ನಕ್ಕರು. ತಂಗಿ ನಗಲಿಲ್ಲ. ಕಂಡಕಂಡವರ ಕೈಯನ್ನೆಲ್ಲ ನೋಡಿದ ಅಕ್ಕ ತನಗೆಂದು ಒಂದು ಕಡ್ಡಿಯನ್ನೂ ಆರಿಸಿಕೊಟ್ಟಿರಲಿಲ್ಲ. ಈಗ ಆರಿಸಿಕೊಡುವವಳೇ ಇಲ್ಲ.

*

ಆರಿಸಿಕೊಡಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ.

ಹದಿನೈದು ವರ್ಷದ ಹಿಂದೆ ತಂಗಿ ಅಂಗಡಿಗೆ ಹೋದಾಗ ಅಕ್ಕ ಒಂದೊಂದೇ ಕಡ್ಡಿಯ ಕೊಕ್ಕೆಯನ್ನು ರೇಷ್ಮೆ ಚೂರಿನ ಮೇಲೆ ಎಳೆದು ನೋಡುತ್ತಿದ್ದಳು. ಎಳೆ ಸಿಕ್ಕಿಕೊಂಡರೆ ಆ ಕಡ್ಡಿ ವಾಪಸು ಡಬ್ಬಿಗೆ.

"ನೀನು ಹಿಡಿಯೋ ಅಂಥದ್ದೇ ನಂಗೂ ಕೊಡು," ಅಂದಳು ತಂಗಿ.

"ನಾನು ಪೆನ್ ಹಿಡಿದ ಹಾಗೆ ಹಿಡೀತೀನಿ ಕಣೇ, ಹೆಬ್ಬೆರಳು ಮೇಲಿಟ್ಟು. ನೀನು ಚಾಕು ಹಿಡಿದ ಹಾಗೆ ಮುಷ್ಟಿ ಕಟ್ತೀಯ. ನಿಂಗೆ ದಪ್ಪ ಹಿಡೀದು ಬೇಕು. ತಗೋ ನೂಲು, ಎರಡು ಸಾಲು ಹೆಣೆದು ತೋರ್ಸು, ನೋಡ್ತೀನಿ."

ಒಳ್ಳೆಯದನ್ನು ತಾನಿಟ್ಟುಕೊಂಡು ಏನೋ ಒಂದನ್ನು ದಾಟಿಸುತ್ತಿದ್ದಾಳೆ ಅನ್ನಿಸಿತು ತಂಗಿಗೆ. ಚಿಕ್ಕಂದಿನಿಂದಲೂ ಹಾಗೇ ಅನ್ನಿಸುತ್ತಿತ್ತು, ಅಕ್ಕನ ಫ್ರಾಕು, ಅಕ್ಕನ ಜಡೆ, ಅಕ್ಕನ ಮಾರ್ಕು. "ತೋರ್ಸೋದೇನೂ ಬೇಡ. ನಿಂದೇ ಕೊಡು," ಅಂದಳು. ಅಕ್ಕ ನಿಟ್ಟುಸಿರಿಟ್ಟು ತನ್ನದರಂಥದ್ದೇ ಒಂದನ್ನು ಕಟ್ಟಿಕೊಟ್ಟಳು.

ಕಡ್ಡಿ ಕೈಗೆ ಒಗ್ಗಲಿಲ್ಲ. ಬೇರೆಯವರಾಗಿದ್ದರೆ ಕಡ್ಡಿ ಬದಲಿಸುತ್ತಿದ್ದರು. ಇವಳು ಹಟ ಹಿಡಿದು ಕೈಯನ್ನೇ ಬದಲಿಸಿದಳು. ಹೆಬ್ಬೆರಳನ್ನು ಅಕ್ಕನ ಹಾಗೆ ಮೇಲಿಟ್ಟು ಹೆಣೆದೂ ಹೆಣೆದೂ ಅದರ ಬುಡ ಊದಿಕೊಂಡಿತು. ಅಕ್ಕ ಮನೆಗೆ ಬಂದಾಗಲೆಲ್ಲ ತಂಗಿ ಹೆಣಿಗೆಯನ್ನು ದಿಂಬಿನಡಿ ತುರುಕುತ್ತಿದ್ದಳು. ಸೋತೆ ಅಂತ ಅವಳಿಗೆ ಗೊತ್ತಾಗಬಾರದು, ಅಷ್ಟೇ.

*

ಡ್ರೈವರ್ ಕಿಟಕಿಯ ಪಕ್ಕ ಕೈಕಟ್ಟಿ ಕೂತಿದ್ದ. ತಂಗಿ ನೇರ ಅವನ ಮುಂದೆ ನಿಂತಳು.

"ಅಕ್ಕನ ಕಡ್ಡಿ ಕೊಡಿ."

ಅವನು ಜೇಬಿನಿಂದ ತೆಗೆದುಕೊಟ್ಟ. ಅಕ್ಕನ ಬೆರಳು ಕೂತೂ ಕೂತೂ ಹಿಡಿ ಒಂದು ಕಡೆ ನುಣ್ಣಗೆ ಸವೆದಿತ್ತು. ತಂಗಿ ಅಲ್ಲಿ ಹೆಬ್ಬೆರಳನ್ನು ಒತ್ತಿದಳು. ನೋವು ಮೊಣಕೈವರೆಗೂ ಚುಳ್ ಎಂದಿತು.

"ನೋಯುತ್ತಾ?"

"ಇಲ್ಲ."

"ನಿಮಗೆ ಬೇರೆ ಥರದ್ದು ಬೇಕು ಅಂತ ಅಕ್ಕ ಯಾವಾಗ್ಲೂ..."

"ನಮ್ಮಕ್ಕನ ವಿಷಯ ನೀವು ನಂಗೆ ಹೇಳ್ಕೊಡ್ಬೇಡಿ."

ಅಷ್ಟರಲ್ಲಿ ವ್ಯಾನಿನವರು ಇಬ್ಬರು ಸ್ಟ್ರೆಚರ್ ತಂದರು. ಲಿಫ್ಟಿನಲ್ಲಿ ಅದು ಹಿಡಿಸುವುದಿಲ್ಲ, ಮೂರು ಮಹಡಿ ಮೆಟ್ಟಿಲಲ್ಲೇ ಇಳಿಸಬೇಕು, ಇನ್ನಿಬ್ಬರು ಕೈ ಕೊಡಿ ಅಂದರು. ಭಾವನಿಗೆ ನಿಲ್ಲಲೂ ಶಕ್ತಿಯಿರಲಿಲ್ಲ. ಡ್ರೈವರ್ ಎದ್ದ. ಅವನು ಎದ್ದದ್ದೇ ತಡ, ತಂಗಿ ಕಡ್ಡಿಯನ್ನು ಮೇಜಿನ ಮೇಲಿಟ್ಟು ಓಡಿಬಂದು ಅಕ್ಕನ ತಲೆಯ ಕಡೆಯ ಒಂದು ಹಿಡಿಯನ್ನು ಹಿಡಿದುಕೊಂಡಳು. ಡ್ರೈವರ್ ಪಕ್ಕದ ಹಿಡಿಗೆ ಬಂದ.

"ನಿಮ್ಮ ಕೈಲಾಗುತ್ತಾಮ್ಮಾ?" ವ್ಯಾನಿನವನು ಕೇಳಿದ.

"ನನ್ನಕ್ಕ ಅವಳು. ನಡೀರಿ."

ಮೊದಲ ತಿರುವಿನಲ್ಲೇ ಹೆಬ್ಬೆರಳು ಸೋತಿತು. ಅಭ್ಯಾಸಬಲದಿಂದ ಅದನ್ನು ಕಬ್ಬಿಣದ ಹಿಡಿಯ ಮೇಲೆ ಉದ್ದಕ್ಕೆ ಚಾಚಿದ್ದಳು, ಪೂರ್ತಿ ಭಾರ ಅದರ ಬುಡಕ್ಕೇ ಬಿದ್ದಿತ್ತು. ಸ್ಟ್ರೆಚರ್ ಅವಳ ಕಡೆಗೆ ವಾಲಿತು. ಬಿಳಿ ಬಟ್ಟೆಯೊಳಗೆ ಅಕ್ಕನ ತಲೆ ಸರಿದು ಅಂಚಿಗೆ ಬಂತು.

"ಹೆಬ್ಬೆರಳು ಮೇಲಿಂದ ತೆಗೀರಿ," ಡ್ರೈವರ್ ಅವಳಿಗಷ್ಟೇ ಕೇಳುವಂತೆ ಹೇಳಿದ. "ಮುಷ್ಟಿ ಕಟ್ಟಿ, ಚಾಕು ಹಿಡಿದ ಹಾಗೆ. ನಿಮ್ಮ ಕೈ ಅದೇ ಅಂತ ಅಕ್ಕ ಹೇಳ್ತಿದ್ರು."

ಅದೂ ಇವನಿಗೆ ಗೊತ್ತು! ತಂಗಿಗೆ ಮೈಯೆಲ್ಲ ಉರಿಯಿತು. ಕೈಬಿಡಲಾಗದು, ಇನ್ನೂ ಎರಡು ಮಹಡಿ ಇಳಿಯಬೇಕು. ಹಲ್ಲು ಕಚ್ಚಿ ಹೆಬ್ಬೆರಳನ್ನು ಕೆಳಗೆಳೆದುಕೊಂಡು ಐದೂ ಬೆರಳು ಸುತ್ತಿ ಮುಷ್ಟಿ ಕಟ್ಟಿದಳು. ಭಾರ ಅಂಗೈಗೆ ಬಂತು. ಹದಿನೈದು ವರ್ಷದಲ್ಲಿ ಮೊದಲ ಸಲ ಆ ಬೆರಳು ನೋಯಲಿಲ್ಲ.

ಸ್ಟ್ರೆಚರ್ ಸಮವಾಯಿತು. ಅಂಚಿಗೆ ಬಂದಿದ್ದ ತಲೆ ಮೆಲ್ಲಗೆ ನಡುವಿಗೆ ಹೊರಳಿತು. ಉಳಿದ ಮೆಟ್ಟಿಲುಗಳನ್ನೆಲ್ಲ ಅಕ್ಕ ಒಂದಿಷ್ಟೂ ಅಲುಗಾಡದೆ ಇಳಿದಳು.