ಬೋರಲು ಮಲಗದ ಹಾವಗೆಪ್ಪ

"ಇನ್ನೊಂಚೂರು ಮ್ಯಾಲ ಎತ್ತ್ರಿ, ಎಡಕ್ಕ ವಾಲ್ತದ" ಎಂದು ಚಾಂದ ಪಾಶಾ ಹೆಣದ ಕಂಕುಳಿಗೆ ಕೈ ಕೊಟ್ಟ. ಪಡಸಾಲೆಯ ಗೋಡೆಗೆ ಒರಗಿಸಿ, ಎದೆಗೆ ಧೋತರ ಸುತ್ತಿ, ಗೂಟಕ್ಕೆ ಬಿಗಿದರು. ಹಾವಗೆಪ್ಪ ನೆಟ್ಟಗೆ ಕುಳಿತ.

"ಕಲ್ಲು ಹೊಟ್ಟ್ಯಾಗ ಬಂದಾಗಿಂದ ಕಾಕಾ ಹಿಂಗ ಸೀದಾ ಕುಂತಿದ್ದು ಇವತ್ತೇ ನೋಡ್ರಿ." ಪಕ್ಕದ ಹೊಲದ ಪಾಶಾ ನಗಿಸಲು ಹೋಗಿ ತಾನೇ ಕಣ್ಣೊರೆಸಿಕೊಂಡ.

ಗುರಮ್ಮ ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಔರಾದದಿಂದ ಸಾಯಗಾಂವದ ತವರಿಗೆ ಬೆಳಗ್ಗೆಯೇ ಬಂದ ಮಗಳು ದಾನಮ್ಮ ದೂರದ ಕಂಬಕ್ಕೆ ಒರಗಿದ್ದಳು. ಅಪ್ಪನ ಕಾಲು ಹಿಡಿದು ಅತ್ತಿದ್ದಳು. ಅವ್ವನ ಜೊತೆ ಮಾತಾಡಿರಲಿಲ್ಲ.

"ಆಪರೇಷನ್ ಅಂದಿದ್ರಲ್ಲ, ಯಾಕ ಬಿಟ್ರಿ?" ಎಂದು ನೆರೆಯ ಮುದುಕಿ ಕೇಳಿದಳು.

"ಅವ್ವನ್ನ ಕೇಳ್ರಿ" ಎಂದಳು ದಾನಮ್ಮ.

*

ಬೀದರಿನ ಡಾಕ್ಟರು ಫೋಟೊ ಹಿಡಿದು ತೋರಿಸಿದ್ದರು. ಕಲ್ಲು ಜಿಂಕೆಯ ಕೊಂಬಿನಂತೆ ಕವಲೊಡೆದು ಕಿಡ್ನಿ ತುಂಬ ಕೂತಿತ್ತು.

"ಇಷ್ಟು ದೊಡ್ಡದು ಹೊರಗಿಂದ ಒಡಿಯಂಗಿಲ್ಲ. ಮೊದಲಾದ್ರ ಪಕ್ಕೆಲುಬಿನ ಕೆಳಗ ಕೊಯ್ತಿದ್ರು. ಈಗ ಬೆನ್ನಾಗ ಬೆರಳಷ್ಟು ಕಿಂಡಿ ಮಾಡಿ, ದುರ್ಬೀನ್ ಹಾಕಿ, ಒಳಗೇ ಒಡದು ಚೂರು ತೆಗೀತೀವಿ. ಬಿಟ್ರ ಕೀವು ತುಂಬ್ತದ."

"ಹೊಲದಾಗಿನ ಕಲ್ಲು ನಾ ಆರಿಸ್ತೇನಿ, ಹೊಟ್ಟ್ಯಾಗಿಂದು ನೀವ್ ಆರಸ್ರಿ" ಎಂದು ಹಾವಗೆಪ್ಪ ನಕ್ಕು ಒಪ್ಪಿದ.

ಆಪರೇಷನ್ನಿನ ದಿನ ಬಾಗಿಲಲ್ಲಿ ನರ್ಸ್ ಅರ್ಶಿಯಾ ಹೇಳಿದಳು: "ಅಜ್ಜಾ, ಬೋರಲು ಮಲಗ್ಬೇಕಾಗ್ತದ. ಎದಿ ಮ್ಯಾಲಿಂದು ತೆಗದು ಅಜ್ಜಿ ಕೈಯಾಗ ಕೊಡ್ರಿ."

ಹಾವಗೆಪ್ಪ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡು ಹೆಂಡತಿಯನ್ನು ನೋಡಿದ. ದೀಕ್ಷೆಯಾದಾಗಿನಿಂದ ಲಿಂಗ ಮೈ ಬಿಟ್ಟಿರಲಿಲ್ಲ. ಅದು ಮೈ ಬಿಟ್ಟರೆ ಜೀವ ಬಿಟ್ಟಂತೆಯೇ ಎಂದು ಇಬ್ಬರೂ ನಂಬಿದವರು.

"ನಡೀರಿ ಮನಿಗಿ" ಎಂದಳು ಗುರಮ್ಮ.

ದಾನಮ್ಮ ಫೋನಿನಲ್ಲಿ ಅತ್ತಳು, ಬೈದಳು. ಗುರಮ್ಮ ಜಗ್ಗಲಿಲ್ಲ. ಶ್ರಾವಣ ಮುಗಿಯುವುದರೊಳಗೆ ಚಳಿಜ್ವರ ಹತ್ತಿತು. ಕೀವು ರಕ್ತಕ್ಕೆ ಇಳಿದಿತ್ತು. ಬೀದರಿಗೆ ಒಯ್ಯುವಾಗ, ಭಾಲ್ಕಿ ದಾಟುವ ಮೊದಲೇ, ಗಾಡಿಯಲ್ಲೇ ಉಸಿರು ನಿಂತಿತು.

*

ಮುದುಕಿಗೆ ಹೇಳಬೇಕಾದ ಉತ್ತರವನ್ನು ಗುರಮ್ಮ, ಕರಡಿಗೆ ಬಿಚ್ಚಲು ಬಂದ ಅಯ್ಯನೋರಿಗೆ ಹೇಳಿದಳು. "ಲಿಂಗ ತೆಗೀರಿ ಅಂದ್ರು. ಅದಕ್ಕ ಕರ್ಕೊಂಡು ಬಂದೆ. ತಪ್ಪಾತೇನ್ರಿ, ಅಪ್ಪೋರೆ?"

ಅಯ್ಯನೋರ ಕೈ ಕರಡಿಗೆಯ ಮೇಲೇ ನಿಂತಿತು. "ತೋಳಿಗಿ ಕಟ್ಟಿದ್ರ ನಡೀತಿತ್ತಲ್ಲವ್ವಾ. ನನ್ನ ಹರ್ನಿಯಾ ಆಪರೇಷನ್‌ದಾಗ ಬಟ್ಟಿಲೆ ಕಟ್ಟಿ ಹಂಗೇ ಒಳಗ ಒಯ್ದಿದ್ರು." ಆಮೇಲೆ ಮೆಲ್ಲಗೆ ಅಂದರು, "ಒಂದ್ ಮಾತು ಕೇಳ್ಬೇಕಿತ್ತು."

ದಾನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಅಯ್ಯನೋರು ಲಿಂಗವನ್ನು ಹಾವಗೆಪ್ಪನ ಎಡ ಅಂಗೈಯಲ್ಲಿ ಇಟ್ಟರು. ಸೆಟೆದ ಬೆರಳು ಮಡಚಲಿಲ್ಲ. ಲಿಂಗ ಜಾರಿತು, ದಾನಮ್ಮ ಮುನ್ನುಗ್ಗಿ ಹಿಡಿದಳು.

"ಕುಣ್ಯಾಗ ಕೂಡಸೋ ತನಕ ನಾ ಹಿಡೀತೇನಿ, ಬಿಡವ್ವ" ಎಂದರು ಅಯ್ಯನೋರು.

ಗುರಮ್ಮ ಕೇಳಿಸಿಕೊಳ್ಳಲಿಲ್ಲ. ತನ್ನ ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪರ್ರನೆ ಹರಿದಳು. ಮಗಳು ಅಪ್ಪನ ಅಂಗೈಯ ಮೇಲೆ ಲಿಂಗವನ್ನು ಒತ್ತಿ ಹಿಡಿದಳು. ಗುರಮ್ಮ ಅದರ ಮೇಲೆ ಸುತ್ತಿ ಸುತ್ತಿ ಕಟ್ಟಿದಳು. ಸಡಿಲಾದೀತೇನೋ ಎಂದು ಜಗ್ಗಿ ನೋಡಿದಳು. ಹೆಗಲು ಕೊಡಲು ಬಂದವರು ಅಂಗಳದಲ್ಲಿ ನಿಂತೇ ಇದ್ದರು. ಅವಳು ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು.