ವಾಪಸಾದ ವರದಿ

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯನ್ನು ನೋಡಿಕೊಳ್ಳುತ್ತಿದ್ದಾಕೆಗೆ ಇಮೇಲ್ ಸರ್ವರಿನದೇ ದೊಡ್ಡ ತಲೆನೋವು. ಡಿಸ್ಕ್ ತುಂಬುತ್ತ ಬಂದಿತ್ತು. ಹೊಸದು ಕೊಡಿಸಿ ಎಂದಾಗಲೆಲ್ಲ ಅಧೀಕ್ಷಕರು, "ಇರೋದ್ರಲ್ಲೇ ಸುಧಾರಿಸಮ್ಮ," ಎಂದು ಸಾಗಹಾಕುತ್ತಿದ್ದರು. ಬೇರೆ ದಾರಿ ಕಾಣದೆ ಆಕೆ ಪ್ರತಿಯೊಂದು ಮೇಲ್‌ಬಾಕ್ಸಿಗೂ ಮಿತಿ ಹಾಕಿದಳು. ಮಿತಿ ದಾಟಿದರೆ ಹೊಸ ಮೇಲ್ ಒಳಗೆ ಬರುವುದಿಲ್ಲ, ಕಳಿಸಿದವರಿಗೇ ವಾಪಸಾಗುತ್ತದೆ.

ಕಿಡ್ನಿ ವಾರ್ಡಿನ ಬಾಕ್ಸ್ ತುಂಬುವ ಹಾಗಾದಾಗ ಆಕೆ ಖುದ್ದಾಗಿ ಹೋಗಿ ಹೆಡ್ ನರ್ಸ್‌ಗೆ ಹೇಳಿದಳು.

"ಅಕ್ಕ, ಹಳೇ ಸ್ಕ್ಯಾನ್ ಎಲ್ಲ ಅಳಿಸಿಬಿಡಿ. ಇಲ್ಲಾಂದ್ರೆ ಮೇಲ್ ನಿಂತುಹೋಗುತ್ತೆ."

"ಡಾಕ್ಟ್ರು ಅಳಿಸೋಕೆ ಬಿಡಲ್ಲ ಕಣೆ. ನೀನೇ ಸ್ವಲ್ಪ ಜಾಗ ಕೊಡೆ."

"ಎಲ್ಲಿಂದ ತರ್ಲಿ? ಮಿತಿ ಇಲ್ದೇ ಇರೋದು ಅಧೀಕ್ಷಕರಿಗೊಬ್ರಿಗೇ. ಅವರ ಬಾಕ್ಸ್ ತುಂಬ ಮೊಮ್ಮಗನ ವಿಡಿಯೋ!"

ಇಬ್ಬರೂ ನಕ್ಕು ಸುಮ್ಮನಾದರು.

ಅದೇ ವಾರ ಆ ವಾರ್ಡಿಗೆ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್ ದಾಖಲಾದ. ಎಂಥ ಟ್ರಾಫಿಕ್ಕಿನಲ್ಲೂ ತೂರಿಕೊಂಡು ಬರುತ್ತಿದ್ದವನನ್ನು ಎಲ್ಲರೂ 'ಗಾಳಿಪಟ' ಎನ್ನುತ್ತಿದ್ದರು. ಅವನ ರಕ್ತ ಹೊರಗಿನ ಲ್ಯಾಬಿಗೆ ಹೋಯಿತು. ಪೊಟ್ಯಾಸಿಯಂ ವಿಪರೀತ ಏರಿದೆ, ಕೂಡಲೇ ಚಿಕಿತ್ಸೆ ಬೇಕು ಎಂಬ ವರದಿ ಮೇಲ್‌ನಲ್ಲಿ ಹೊರಟು, ಬಾಕ್ಸ್ ತುಂಬಿದ್ದರಿಂದ ವಾಪಸಾಯಿತು. ಲ್ಯಾಬಿನವರು ಕಳಿಸಿ ಆಯಿತೆಂದು ನಿಶ್ಚಿಂತರಾದರು, ವಾಪಸಾದದ್ದನ್ನು ಯಾರೂ ತೆರೆದು ನೋಡಲಿಲ್ಲ. ವಾರ್ಡಿನವರು ಇನ್ನೂ ಬಂದಿಲ್ಲವೆಂದು ಕಾದರು. ಊಟದ ತಟ್ಟೆ ಮುಂದಿರುವಾಗಲೇ ಅವನ ಹೃದಯ ನಿಂತುಹೋಯಿತು.

ಸಂಜೆ ಅಧೀಕ್ಷಕರು ಕಂಪ್ಯೂಟರ್ ಕೋಣೆಗೇ ಬಂದರು.

"ನನ್ನ ಬಾಕ್ಸಲ್ಲಿರೋ ವಿಡಿಯೋ ಎಲ್ಲ ತೆಗೆದು ಆ ವಾರ್ಡಿಗೆ ಜಾಗ ಕೊಡು. ಮೇಲ್ ವಾಪಸ್ ಹೋದ ದಾಖಲೇನೂ ಅಳಿಸಿಬಿಡು."

"ಜಾಗ ಕೊಡ್ತೀನಿ ಸಾರ್. ದಾಖಲೆ ಅಳಿಸಲ್ಲ."

"ಮಿತಿ ಹಾಕಿದ್ದು ನೀನೇ. ನೆನಪಿರಲಿ."

"ನೆನಪಿದೆ," ಎಂದಳು.

ಮರುದಿನ ಗಾಳಿಪಟನ ಮನೆಗೆ ಹೋಗಿ, ಗೋಡೆಗೊರಗಿ ಕುಳಿತಿದ್ದ ಅವನ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದಳು. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಆ ಲ್ಯಾಬ್ ಎಲ್ಲಿದೆ?"

"ಆಸ್ಪತ್ರೆ ಎದುರಿಗೇ. ರಸ್ತೆ ದಾಟಿದ್ರೆ ಆಯ್ತು."

"ಹಾಗಾದ್ರೆ ಯಾರಾದ್ರೂ ಒಬ್ರು ಹೋಗಿ ಕೇಳಬಹುದಿತ್ತಲ್ಲಮ್ಮ."



ಸಾವಿನ ಬಗ್ಗೆ ನಡೆದ ವಿಚಾರಣೆಯಲ್ಲಿ ಆಕೆ ಎಲ್ಲವನ್ನೂ ಇದ್ದ ಹಾಗೆ ಹೇಳಿದಳು. ಅಧೀಕ್ಷಕರಿಗೆ ಬೇರೆ ಆಸ್ಪತ್ರೆಗೆ ವರ್ಗವಾಯಿತು. ಮಿತಿ ಹಾಕಿದ್ದಕ್ಕೆ ಆಕೆಯ ಕೆಲಸ ಹೋಯಿತು. ತನ್ನ ಸಾಮಾನು ತೆಗೆದುಕೊಂಡು ಹೊರಟ ದಿನ ಕಾರಿಡಾರಿನಲ್ಲಿ ಹೆಡ್ ನರ್ಸ್ ಎದುರಾದಳು. ಇಬ್ಬರೂ ಮುಖ ತಗ್ಗಿಸಿಕೊಂಡು ಮುಂದೆ ನಡೆದರು.