ಕೊಲ್ಲಿಯ ದಂಡೆಯಲ್ಲಿ ಡಾಕ್ಟರಾದವನು

ಆಸ್ಪತ್ರೆಯ ಚೀಟಿ ಬರೆಯುವ ಕಿಟಕಿಯಲ್ಲಿ ಅವನು ಇಪ್ಪತ್ತೆರಡು ವರ್ಷ ಕೂತಿದ್ದ. ಜನ ಅವನ ಮುಖಕ್ಕಿಂತ ಕೈಯನ್ನೇ ಹೆಚ್ಚು ನೋಡಿದ್ದರು. ಹೆಂಡತಿ ಅಲ್ಲೇ ಆಯಾ. ಮಗಳ ಮದುವೆ ಮುಗಿದ ಮೇಲೆ ಇಬ್ಬರೇ ಮೊದಲ ಸಲ ಹೊರಟಿದ್ದು, ಹಿಂದಿನ ಕಾಲದ ಹಾಯಿಹಡಗುಗಳು ಲಂಗರು ಹಾಕುತ್ತಿದ್ದ ಈ ಕೊಲ್ಲಿಗೆ. ಮೂರು ದಿನ ಗಡಿಯಾರದ ಹಂಗಿಲ್ಲ.

ಮೊದಲ ದಿನ ವಸತಿಗೃಹದ ತಿಂಡಿಯ ಮೇಜಿನಲ್ಲಿ ಎದುರು ಕೂತಿದ್ದ ನಿವೃತ್ತ ಮೇಷ್ಟ್ರು ಕೇಳಿದರು: "ಏನ್ ಕೆಲಸ ನಿಮ್ದು?"

"ಆಸ್ಪತ್ರೇಲಿ."

"ಓ, ಡಾಕ್ಟ್ರಾ!"

ಪಕ್ಕದಲ್ಲಿದ್ದ ಮೇಷ್ಟ್ರ ಮಗಳು ಎದ್ದು ತಾನೇ ಅವನಿಗೆ ನೀರು ಬಗ್ಗಿಸಿದಳು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹೆಂಡತಿ ತಟ್ಟೆಯಿಂದ ತಲೆಯೆತ್ತಲಿಲ್ಲ. ಸಂಜೆ ದಂಡೆಯ ಮೇಲೆ ಅಡ್ಡಾಡುವಾಗ ಮೇಷ್ಟ್ರು ತಮ್ಮ ಎದೆನೋವಿನ ಮಾತ್ರೆಗಳ ಗೋಳು ತೋಡಿಕೊಂಡರು. "ಇಷ್ಟೊಂದು ಯಾಕೆ ನುಂಗ್ತೀರಿ? ಎರಡು ದಿನ ಬಿಟ್ಟು ನೋಡಿ," ಅಂದುಬಿಟ್ಟ ಅವನು. ಬಾಯಿಗೆ ಬಂದದ್ದು, ಅಷ್ಟೇ.

ಮರುದಿನ ಎಲ್ಲರೂ ಕೂಡಿ ದಂಡೆಯ ಹಳೆಯ ಕೋಟೆಯ ಮೆಟ್ಟಿಲು ಹತ್ತುವಾಗ ಮೇಷ್ಟ್ರು ಎದೆ ಹಿಡಿದುಕೊಂಡು ಕುಸಿದರು.

"ಡಾಕ್ಟ್ರೇ, ಬೇಗ ಬನ್ನಿ!" ಮೇಷ್ಟ್ರ ಮಗಳು ಕೂಗಿದಳು.

ಅವನಿಗೆ ಕಾಲೇ ಕೀಳಲಾಗಲಿಲ್ಲ. ಹೆಂಡತಿ ಓಡಿಹೋಗಿ ಮೇಷ್ಟ್ರನ್ನು ಗೋಡೆಗೆ ಒರಗಿಸಿ ಕೂರಿಸಿದಳು, ಅಂಗಿಯ ಗುಂಡಿ ಬಿಚ್ಚಿ ಸೆರಗಿನಿಂದ ಗಾಳಿ ಹಾಕಿದಳು.

ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. "ಆಸ್ಪತ್ರೆಗೆ ಹೋಗ್ಬೇಕಾ? ನೀವು ಹೇಳಿದ ಹಾಗೆ ಡಾಕ್ಟ್ರೇ."

"ನಾನು ಡಾಕ್ಟ್ರಲ್ಲಮ್ಮ. ಚೀಟಿ ಬರೆಯೋನು. ಈಗ್ಲೇ ಕರ್ಕೊಂಡು ಹೋಗಿ."

"ಮತ್ತೆ... ಮಾತ್ರೆ ಬಿಡಿ ಅಂದ್ರಲ್ಲ ನಿನ್ನೆ? ಅಪ್ಪ ಬಿಟ್ಟೇಬಿಟ್ರು."

ಅವನು ಮೇಷ್ಟ್ರನ್ನು ಕಾರಿಗೆ ಹತ್ತಿಸಲು ಕೈ ಚಾಚಿದಾಗ ಮಗಳು ಆ ಕೈಯನ್ನು ತಳ್ಳಿ, ಅವನ ಹೆಂಡತಿಯನ್ನು ಮಾತ್ರ ಹತ್ತಿಸಿಕೊಂಡಳು.

ಹೆಂಡತಿ ಮರಳಿದ್ದು ಸಂಜೆ. ಅವನು ಕೋಣೆಯ ಬಾಗಿಲಲ್ಲೇ ನಿಂತಿದ್ದ.

"ಗಂಡಾಂತರ ಕಳೀತಂತೆ. ಎರಡು ದಿನ ಇಟ್ಕೋತಾರೆ."

"ನಾಳೆ ಹೋಗಿ ಕಾಲಿಗೆ ಬೀಳ್ತೀನಿ."

"ಬೇಡ ರೀ. ನಿಮ್ಮ ಮುಖ ತೋರಿಸ್ಬೇಡಿ ಅಂದ್ಲು ಆ ಹುಡುಗಿ." ಚಪ್ಪಲಿ ಬಿಡುತ್ತಾ ತಣ್ಣಗೆ ಹೇಳಿದಳು: "ದಾರೀಲಿ ನನ್ನ ಕೆಲಸ ಏನು ಅಂತ ಕೇಳಿದ್ಲು. ಆಯಾ ಅಂದೆ. ಹೇಳೋಕೆ ಒಂದು ಗಳಿಗೆ ಹಿಡೀಲಿಲ್ಲ ನಂಗೆ."

ಇನ್ನೂ ಒಂದು ದಿನ ಬಾಕಿ ಇತ್ತು. ಆದರೆ ತಿಂಡಿಯ ಕೋಣೆಗೆ ಇಳಿಯುವ ಧೈರ್ಯ ಅವನಿಗಾಗಲಿಲ್ಲ. ಬೆಳಿಗ್ಗೆ ಹೆಂಡತಿಯೇ ತಟ್ಟೆ ಮೇಲಕ್ಕೆ ತಂದುಕೊಟ್ಟು, ಒಬ್ಬಳೇ ಸಮುದ್ರ ನೋಡಲು ಹೋದಳು.